ಸ್ವಾಮಿಯವರ ಓಟಿಪಿ

ಮಾರೇನಹಳ್ಳಿಯ ಶ್ರೀ ಕಟ್ಟೆ ಆಂಜನೇಯ ವಿದ್ಯಾವರ್ಧಕ ಸಂಘಕ್ಕೆ ಸೇರಿದ ಎಲ್ಲ ಶಾಲೆಗಳ ಇಂಟರ್‌ನೆಟ್, ವೈಫೈ ಹಾಗೂ ತತ್ಸಂಬಂಧಿತ ಸಕಲ ಪೆಟ್ಟಿಗೆಗಳ ಸಂಪೂರ್ಣ ಒಡೆತನ ಶ್ರೀ ಕಟ್ಟೆ ಆಂಜನೇಯಸ್ವಾಮಿಯವರದ್ದು. ಈ ಬಗ್ಗೆ ಸಂಘದಲ್ಲಿ ಯಾವ ವಿವಾದವೂ ಇಲ್ಲ. ಸ್ವಾಮಿಯವರಿಗೆ ಸ್ವಂತ ಇಮೇಲ್ ವಿಳಾಸವಿದೆ, ಸ್ವಂತ ಮೊಬೈಲ್ ನಂಬರಿದೆ, ಪಾಸ್‌ವರ್ಡೂ ಇದೆ. ಅದನ್ನು ಅವರು ಇದುವರೆಗೆ ಮರೆತ ದಾಖಲೆಯಿಲ್ಲ. ಆಡಳಿತ ಮಂಡಳಿಯ ಉಳಿದ ಸದಸ್ಯರ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ.

ಈ ಸುವ್ಯವಸ್ಥೆಯ ಶಿಲ್ಪಿ ಚಕ್ರಪಾಣಿ. ಸಂಘದ ಕೇಂದ್ರ ಕಚೇರಿಯಲ್ಲಿ ಕಂಪ್ಯೂಟರು, ನೆಟ್‌ವರ್ಕು ನೋಡಿಕೊಳ್ಳುವವನು. ಕೆಲಸಕ್ಕೆ ಸೇರಿದಾಗ ಅವನ ತಲೆತುಂಬ ಕೂದಲಿತ್ತು, ಹುದ್ದೆ ತಾತ್ಕಾಲಿಕವಾಗಿತ್ತು. ಕಾಲಾನಂತರದಲ್ಲಿ ಕೂದಲೇ ತಾತ್ಕಾಲಿಕವೆಂದು ಸಾಬೀತಾಯಿತು. ಹುದ್ದೆಯ ಸ್ಥಿತಿಯಲ್ಲಿ ಬದಲಾವಣೆ ಕಂಡುಬರಲಿಲ್ಲ. ಹೆಂಡತಿ ರಾಗಿಣಿ ಹಬ್ಬ ಹರಿದಿನ ಬಂದಾಗಲೆಲ್ಲ "ಖಾಯಂ ಮಾಡ್ತಾರಂತಾ?" ಎಂದು ಕೇಳುತ್ತಿದ್ದಳು. ಅವನು "ಫೈಲ್ ಮೂವ್ ಆಗ್ತಿದೆ ಕಣೇ" ಎನ್ನುತ್ತಿದ್ದ. ಫೈಲು ಚಲಿಸುತ್ತಿದ್ದುದು ನಿಜ. ಕಚೇರಿಗೆ ಸುಣ್ಣಬಣ್ಣ ಮಾಡಿದಾಗಲೆಲ್ಲ ಅದನ್ನು ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಇಡುತ್ತಿದ್ದರು.

ಮೊದಲೆಲ್ಲ ಕೆಂಗೇರಿ ಶಾಲೆಯಲ್ಲಿ ನೆಟ್ ಹೋದರೆ ಚಕ್ರಪಾಣಿ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಅಲ್ಲಿಗೆ ಹೋಗಿ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ, ಒಂದು ಮಸಾಲೆ ದೋಸೆ ತಿಂದು ಬರುತ್ತಿದ್ದ. ಸಮಸ್ಯೆ ಬಗೆಹರಿಯುತ್ತಿತ್ತು. ಇಷ್ಟು ಸುಲಭದ ವಿಧಾನ ಸಂಘದ ಘನತೆಗೆ ತಕ್ಕದ್ದಲ್ಲವೆಂದು ಮನಗಂಡು ಅವನೇ ಕ್ಲೌಡ್ ಸಾಫ್ಟ್‌ವೇರ್ ಒಂದನ್ನು ತರಿಸಿದ. ಇದರಲ್ಲಿ ಎಲ್ಲ ಶಾಲೆಗಳ ಎಲ್ಲ ಪೆಟ್ಟಿಗೆಗಳನ್ನೂ ಕೂತಲ್ಲಿಂದಲೇ ಆಳಬಹುದು. ಯಾರು ಏನು ಮಾಡಬಹುದು, ಎಲ್ಲಿ ಮಾಡಬಹುದು ಎಂಬುದನ್ನು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಗೊತ್ತು ಮಾಡಬಹುದು. ಮೊದಲನೆಯದು ಅಧಿಕಾರ, ಎರಡನೆಯದು ವ್ಯಾಪ್ತಿ.

"ಅಡುಗೆ ಭಟ್ರಿಗೆ ಅಡುಗೆಮನೆ ಬೀಗದ ಕೈ ಕೊಡ್ತೀವಿ, ಉಗ್ರಾಣದ್ದು ಕೊಡಲ್ಲ. ಹಾಗೇ ಸಾರ್ ಇದು," ಎಂದು ಅವನು ಆಡಳಿತ ಮಂಡಳಿಗೆ ವಿವರಿಸಿದ. ಇದರಿಂದ ಮಂಡಳಿಗೆ ಅರ್ಥವಾದದ್ದು ಇಷ್ಟೇ: ಯಾರೋ ಒಬ್ಬರಿಗೆ ಬೀಗದ ಕೈ ಕಡಿಮೆಯಾಗಲಿದೆ. ಆ ಒಬ್ಬರು ತಾವಾಗಬಾರದೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ನಿರ್ಧರಿಸಿದರು.

ಎಲ್ಲಕ್ಕೂ ಮೇಲೆ ಓನರ್ ಎಂಬ ಒಂದು ಸ್ಥಾನವಿತ್ತು. ಸಾಫ್ಟ್‌ವೇರು ಅದನ್ನು ಒಬ್ಬರಿಗೆ ಮಾತ್ರ ಕೊಡುತ್ತಿತ್ತು.

"ಈ ಬಿಲ್ಡಿಂಗ್ ಇರೋ ಜಾಗ ಯಾರ್ದು? ನಮ್ ತಾತಂದು. ಇಲ್ಲಿ ರಾಗಿ ಬೆಳೀತಿದ್ವಿ. ಹಂಗಾದ್ಮೇಲೆ ಓನರ್ ಯಾರು ಅಂತ ಕೇಳೋದೇನೈತೆ?" ಎಂದರು ಅಧ್ಯಕ್ಷ ಮುನಿರಾಜು.

"ಜಾಗಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್. ಇದು ಕ್ಲೌಡಲ್ಲಿ ಇರೋದು. ಅಲ್ಲಿ ನಿಮ್ಮ ತಾತ ರಾಗಿ ಬೆಳೆದಿಲ್ಲ," ಎಂದರು ಕಾರ್ಯದರ್ಶಿ ವೆಂಕಟಗಿರಿ. ಅವರು ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಬಂದವರು. ಬರುವಾಗ ಹಸಿರು ಶಾಯಿಯ ಪೆನ್ನನ್ನೂ ನಿವೃತ್ತಿಯಾಗದ ಗತ್ತನ್ನೂ ಜೊತೆಗೆ ತಂದಿದ್ದರು. "ಬೈಲಾ ಪ್ರಕಾರ ಇಂಥದ್ದೆಲ್ಲ ಕಾರ್ಯದರ್ಶಿ ಸುಪರ್ದಿಗೆ ಬರತಕ್ಕದ್ದು."

ಸಭೆಯ ಮೇಲೆ ಸಭೆ ಮುರಿದುಬಿತ್ತು. ಕೊನೆಗೆ ಚಕ್ರಪಾಣಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಅವನು ಮುಂದೆ ಬಹಳ ಸಲ ಅಂದುಕೊಂಡಿದ್ದಾನೆ.

"ಸ್ವಾಮಿ ಹೆಸರಿಗೇ ಮಾಡಿಬಿಡೋಣ ಸಾರ್."

ಕಾಂಪೌಂಡಿನೊಳಗೇ ಕಟ್ಟೆ ಆಂಜನೇಯನ ಗುಡಿಯಿತ್ತು. ಸಂಘದ ಹೆಸರೇ ಆ ಸ್ವಾಮಿಯದು. ಮುನಿರಾಜು ಕೆನ್ನೆ ಬಡಿದುಕೊಂಡು "ಅಪ್ಪಾ, ಎಂಥ ಮಾತು!" ಎಂದರು. ದೇವರನ್ನು ವಿರೋಧಿಸಲು ಬೈಲಾದಲ್ಲಿ ಅವಕಾಶವಿಲ್ಲದ್ದರಿಂದ ವೆಂಕಟಗಿರಿಯೂ ಒಪ್ಪಿದರು. ಯಾರದೋ ಸನ್ಮಾನಕ್ಕೆ ತಂದು ಮಿಕ್ಕಿದ್ದ ಶಾಲನ್ನು ಚಕ್ರಪಾಣಿಗೆ ಹೊದಿಸಲಾಯಿತು. ಅವತ್ತು ಅವನು ಮನೆಗೆ ಹೋಗುವಾಗ ಸೆಕೆಯಿದ್ದರೂ ಶಾಲು ತೆಗೆಯಲಿಲ್ಲ.

ಆಯುಧಪೂಜೆಯ ದಿನ ಸ್ವಾಮಿಯವರ ಹೆಸರಿನಲ್ಲಿ ಹೊಸ ಮೊಬೈಲ್ ತಂದು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಗರ್ಭಗುಡಿಯಲ್ಲಿ ಸ್ವಾಮಿಯವರ ಪಾದದ ಬಳಿ ಇಡಲಾಯಿತು. ಓನರ್ ಒಪ್ಪಿಗೆ ಕೊಡಬೇಕಾದಾಗ ಬರುವ ಓಟಿಪಿ ಆ ಮೊಬೈಲಿಗೆ ಬರತಕ್ಕದ್ದು. ಗರ್ಭಗುಡಿಯೊಳಗೆ ಕಾಲಿಡುವ ಹಕ್ಕು ಅರ್ಚಕ ಮಧ್ವೇಶರೊಬ್ಬರಿಗೇ ಎಂಬ ಸಂಗತಿ ಆಗ ಯಾರಿಗೂ ಮುಖ್ಯವೆನ್ನಿಸಲಿಲ್ಲ.

ಉಳಿದ ಅನುಮತಿಗಳ ಹಂಚಿಕೆಗೆ ಚಕ್ರಪಾಣಿಯೇ ಒಂದು ನಿಯಮಾವಳಿ ಬರೆದ. ಅದರ ಮುಖ್ಯ ಭಾಗಗಳು ಹೀಗಿವೆ:

"ನಿಯಮ ಒಂದು: ಯಾವ ನೌಕರನಿಗೂ ತನ್ನ ಮೇಲಿನವರಿಗಿಂತ ಹೆಚ್ಚಿನ ಅನುಮತಿ ಇರತಕ್ಕದ್ದಲ್ಲ. ಮೇಲಿನವರಿಗೆ ಸದರಿ ಅನುಮತಿಯನ್ನು ಬಳಸಲು ಬಾರದಿರುವುದು ವಿನಾಯಿತಿಗೆ ಕಾರಣವಾಗತಕ್ಕದ್ದಲ್ಲ.

ನಿಯಮ ಎರಡು: ಅನುಮತಿಯು ಸೇವಾ ಹಿರಿತನವನ್ನು ಅನುಸರಿಸತಕ್ಕದ್ದು.

ನಿಯಮ ಮೂರು: ತಾತ್ಕಾಲಿಕ ನೌಕರರಿಗೆ ನೋಡುವ ಅನುಮತಿ ಮಾತ್ರ ಇರತಕ್ಕದ್ದು. ನೋಡಿದ್ದರಿಂದ ಉಂಟಾಗುವ ಸಂಕಟಕ್ಕೆ ಸಂಘವು ಹೊಣೆಯಲ್ಲ."

ಸಂಘದ ಕಂಪ್ಯೂಟರ್ ವಿಭಾಗದಲ್ಲಿದ್ದ ತಾತ್ಕಾಲಿಕ ನೌಕರ ಒಬ್ಬನೇ, ಅದು ಚಕ್ರಪಾಣಿ. ಮೂರನೇ ನಿಯಮವನ್ನು ಸಭೆಯಲ್ಲಿ ಓದಿ ಅವನು ಕೈಮುಗಿದು "ನಾನು ಬರೀ ಸೇವಕ ಸಾರ್, ನನಗೇನೂ ಬೇಡ" ಎಂದ. ಎರಡನೇ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಬೇಡ ಬೇಡ" ಎನ್ನುತ್ತೇವಲ್ಲ, ಆ ಧಾಟಿಯಲ್ಲಿ. ಮಂಡಳಿಯವರು ಬಲವಂತ ಮಾಡುತ್ತಾರೆ, "ನೀನಿಲ್ದೆ ಆಗುತ್ತೇನಯ್ಯಾ" ಎನ್ನುತ್ತಾರೆ, ಆ ಮಾತಿನ ಬೆನ್ನಿಗೇ ಖಾಯಮಾತಿಯ ವಿಷಯ ಎತ್ತಬಹುದು ಎಂದು ಅವನ ಲೆಕ್ಕಾಚಾರ. ಬಡಿಸುವವರು ಮುಂದಿನ ಎಲೆಗೆ ಹೋದರು.

ವ್ಯವಸ್ಥೆ ಕೆಲಕಾಲ ನಿರ್ವಿಘ್ನವಾಗಿ ನಡೆಯಿತು. ಆಮೇಲೆ ಕೆಂಗೇರಿ ಶಾಲೆಯ ಫೋಟೋ ಪ್ರಕರಣ ಬಂತು. ಅಲ್ಲಿ ವೈಫೈಗೆ ಸೇರಿಕೊಂಡರೆ ಮೊದಲು ಮುನಿರಾಜು ಕೈಮುಗಿದು ನಿಂತ ಫೋಟೋ ಬರುತ್ತಿತ್ತು. ತಮ್ಮ ಫೋಟೋ ಇಲ್ಲದ್ದನ್ನು ಕಂಡ ವೆಂಕಟಗಿರಿ, ಕೆಂಗೇರಿಯನ್ನು ತಮ್ಮೊಬ್ಬರ ವ್ಯಾಪ್ತಿಗೆ ಸೇರಿಸಿಕೊಂಡು ಬೇರೆಯವರು ಮುಟ್ಟದಂತೆ ಬೇಲಿ ಹಾಕಿದರು. ಆ ಬೇಲಿಯನ್ನು ಇನ್ನು ಅವರು ತೆಗೆಯಬೇಕು, ಇಲ್ಲವೇ ಓನರ್ ತೆಗೆಯಬೇಕು. ಬಳಿಕ ಹೊಸ ಫೋಟೋ ಏರಿಸುವವರೆಗೆ ಅಲ್ಲಿನ ಇಂಟರ್‌ನೆಟ್ಟನ್ನೇ ನಿಲ್ಲಿಸಿ, ಫೋಟೋ ತೆಗೆಸಿಕೊಳ್ಳಲು ಸ್ಟುಡಿಯೋಗೆ ಹೋದರು.

ಮುನಿರಾಜು ಚಕ್ರಪಾಣಿಯನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು. "ಇದ್ರಾಗೆ ಒಬ್ಬರನ್ನ ತೆಗೆಯೋದು ಹೆಂಗ್ರೀ?"

ಚಕ್ರಪಾಣಿ ವಿಧೇಯತೆಯಿಂದ ತೋರಿಸಿಕೊಟ್ಟ. ಅಧ್ಯಕ್ಷರು ಒತ್ತಿದರು. ವೆಂಕಟಗಿರಿ ಸ್ಟುಡಿಯೋದಲ್ಲಿ ಗದ್ದ ಸ್ವಲ್ಪ ಮೇಲೆತ್ತಿ ಕೂತಿದ್ದ ಹೊತ್ತಿಗೆ ಸಾಫ್ಟ್‌ವೇರಿನಿಂದ ಇಲ್ಲವಾದರು. ಅವರ ಬೇಲಿ ಮಾತ್ರ ಉಳಿಯಿತು. ಅವರನ್ನು ಮತ್ತೆ ಸೇರಿಸಿದಾಗ ಸಾಫ್ಟ್‌ವೇರು ಅವರನ್ನು ಬೇರೆಯೇ ವ್ಯಕ್ತಿ ಎಂದು ಪರಿಗಣಿಸಿತು. ಹಿಂದಿನ ಜನ್ಮದ ಆಸ್ತಿ ಈ ಜನ್ಮದಲ್ಲಿ ಕೇಳಲಾಗದಷ್ಟೇ ಇದೂ ಸಹಜ. ಹೀಗಾಗಿ ಕೆಂಗೇರಿ, ಸ್ವಾಮಿಯವರನ್ನು ಬಿಟ್ಟು, ಯಾರ ವ್ಯಾಪ್ತಿಗೂ ಸೇರದ ಸ್ಥಳವಾಯಿತು.

ಕೆಂಗೇರಿಯ ಕಂಪ್ಯೂಟರ್ ಟೀಚರ್ ಸ್ಪಂದನ ಫೋನ್ ಮಾಡಿದಳು. "ಸಾರ್, ನೆಟ್ ಇಲ್ಲ. ಶುಕ್ರವಾರ ನಮ್ಮ ಮಕ್ಕಳಿಗೆ ಸ್ಕಾಲರ್‌ಶಿಪ್ ಎಕ್ಸಾಮ್ ಇದೆ, ಆನ್‌ಲೈನ್. ಸ್ಕೂಲ್ ಲೈನಿಂದಾನೇ ಬರೀಬೇಕಂತೆ, ಮೊಬೈಲ್ ನೆಟ್ ತಗೊಳಲ್ಲ."

"ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?"

"ಮಾಡಿ ಮಾಡಿ ಸ್ವಿಚ್ಚೇ ಸಡಿಲ ಆಯ್ತು ಸಾರ್. ಎಷ್ಟು ಸಲ ಮಾಡಿದ್ರೂ 'ಮೇಲಿನಿಂದ ನಿಲ್ಲಿಸಲಾಗಿದೆ' ಅಂತಾನೇ ಬರ್ತಿದೆ. ಮೇಲೆ ಅಂದ್ರೆ ಯಾರು?"

ಚಕ್ರಪಾಣಿಗೆ ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು.

ಮುನಿರಾಜು ವಿಷಯ ತಿಳಿದು ಗಂಭೀರರಾದರು. "ನೋಡ್ರೀ ಚಕ್ರಪಾಣಿ, ಶುಕ್ರವಾರ ಸಾಯಂಕಾಲಾನೇ ಕಮಿಟಿ ಮೀಟಿಂಗು. ನಿಮ್ ಖಾಯಂ ಫೈಲ್ ಅವತ್ ತರಿಸ್ತೀನಿ. ಕೆಂಗೇರಿಗೆ ನೆಟ್ ಬಂದ್ರೆ ಫೈಲೂ ಬರ್ತೈತೆ. ಬರ್ನಿಲ್ಲ ಅಂದ್ರೆ ಆ ಮಾತೇ ಎತ್ಬೇಡಿ."

ಚಕ್ರಪಾಣಿ ತನ್ನ ಕುರ್ಚಿಯಲ್ಲಿ ಕೂತು ತೆರೆ ನೋಡಿದ. ಕೆಂಗೇರಿ ಕೆಂಪಗೆ ಮಿಣುಕುತ್ತಿತ್ತು. ರೋಗವೂ ಗೊತ್ತು, ಮದ್ದೂ ಗೊತ್ತು, ಮುಟ್ಟುವ ಹಾಗಿಲ್ಲ. ಆದರೂ ಒತ್ತಿದ. "ಈ ಕೆಲಸಕ್ಕೆ ನಿಮಗೆ ಅನುಮತಿಯಿಲ್ಲ. ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ" ಎಂದು ಬಂತು. ಸಂಪರ್ಕಿಸಿ ಎಂಬಲ್ಲಿ ಒತ್ತಿದ. ಪಕ್ಕದಲ್ಲಿದ್ದ ಅವನ ಮೊಬೈಲೇ ಟಿಂಗ್ ಎಂದಿತು. "ಚಕ್ರಪಾಣಿ ಎಂಬವರು ತಮ್ಮಲ್ಲಿ ಅನುಮತಿ ಕೋರಿದ್ದಾರೆ" ಎಂಬ ಮೇಲ್ ಬಂದಿತ್ತು. ಸಂಪರ್ಕಕ್ಕೆ ಅವನ ಹೆಸರನ್ನು ಕೊಟ್ಟವನೂ ಅವನೇ. ಕೊಡಲು ಹೋದರೆ ಕೊಡುವ ಅನುಮತಿಯೂ ಅವನಿಗಿರಲಿಲ್ಲ. ಅರ್ಜಿಗಳಿಗೆ ಲಿಖಿತ ಉತ್ತರ ಕೊಡಲೇಬೇಕೆಂಬ ನಿಯಮ ಇದ್ದುದರಿಂದ, "ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ಸದ್ಯಕ್ಕೆ ಅವಕಾಶವಿಲ್ಲದ್ದಕ್ಕೆ ವಿಷಾದಿಸುತ್ತೇನೆ" ಎಂದು ತನಗೇ ಬರೆದುಕೊಂಡ. ಓದಿದಾಗ ಸ್ವಲ್ಪ ಬೇಜಾರೇ ಆಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಕೀರ್ತನಾ ಎಂಬ ಹುಡುಗಿ ಬಹಳ ವಿನಯದಿಂದ ಮಾತಾಡಿದಳು.

"ನಿಮ್ಮ ಓನರ್ ಬೇಲಿ ತೆಗೆದ್ರೆ ಎರಡು ನಿಮಿಷದ ಕೆಲಸ ಸಾರ್. ಓನರ್ ಹೆಸರು... ಆಂಜನೇಯಸ್ವಾಮಿ ಅಂತಿದೆ. ಅವರು ಲೈನಿಗೆ ಬರ್ತಾರಾ?"

"ಅವರು ಮಾತಾಡಲ್ಲ ಮೇಡಂ."

"ಹುಷಾರಿಲ್ವಾ ಸಾರ್?"

"ಹುಷಾರಾಗಿದ್ದಾರೆ. ಎಲ್ಲರನ್ನೂ ಹುಷಾರಾಗಿ ನೋಡ್ಕೊಳ್ಳೋರೇ ಅವರು."

"ಸರಿ ಸಾರ್, ಅವರ ಪರವಾಗಿ ನೀವೇ ಹೇಳಿ. ಡೇಟ್ ಆಫ್ ಬರ್ತ್?"

"ಚೈತ್ರ ಶುದ್ಧ ಪೂರ್ಣಿಮೆ."

"ಇಸವಿ?"

"ತ್ರೇತಾಯುಗ."

ಕೀಬೋರ್ಡಿನ ಸದ್ದು ಕೇಳಿಸಿತು. "ಆ ಇಸವಿ ನಮ್ಮ ಲಿಸ್ಟಲ್ಲಿ ಇಲ್ಲ ಸಾರ್," ಎಂದಳು ಕೀರ್ತನಾ, ವಿಷಾದದಿಂದ. "ಅವರ ಮೊಬೈಲಿಗೆ ಓಟಿಪಿ ಬರುತ್ತೆ. ಅದೊಂದೇ ದಾರಿ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಗುರುವಾರ ಬೆಳಗಿನ ಪೂಜೆಯ ಹೊತ್ತಿಗೆ ಚಕ್ರಪಾಣಿ ಗುಡಿಯ ಹೊಸ್ತಿಲ ಹೊರಗೆ ನಿಂತಿದ್ದ. ಮಧ್ವೇಶ್ ಮೂವತ್ತರ ಆಸುಪಾಸಿನವರು, ಬಿಕಾಂ ಓದಿದವರು, ಸಂಘದ ಖಾಯಂ ನೌಕರರು.

"ಆಚಾರ್ರೇ, ಒಳಗಿರೋ ಫೋನಿಗೆ ಒಂದು ಓಟಿಪಿ ಬರುತ್ತೆ. ಸ್ವಲ್ಪ ಓದಿ ಹೇಳ್ಬಿಡಿ."

ಮಧ್ವೇಶ್ ಆರತಿ ತಟ್ಟೆ ಕೆಳಗಿಟ್ಟರು. "ಹಾಗೆಲ್ಲ ಹೇಳೋಕಾಗಲ್ಲ ಚಕ್ರಪಾಣಿ ಸಾರ್. ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಆ ಮೆಸೇಜಲ್ಲೇ ಇರುತ್ತೆ. ಅದರ ಮೇಲೆ ಇದು ಸ್ವಾಮಿ ಫೋನು. ಅಪ್ಪಣೆ ಕೇಳ್ಬೇಕು."

ಸ್ವಾಮಿಯ ಭುಜಗಳ ಮೇಲೆ ಹೂವಿಟ್ಟು ಮನಸ್ಸಿನಲ್ಲಿದ್ದುದನ್ನು ಕೇಳಿಕೊಳ್ಳುವುದು ಆ ಗುಡಿಯ ಪದ್ಧತಿ. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಮದುವೆ, ಸೈಟು, ಬೋರ್‌ವೆಲ್ಲು ಎಲ್ಲವೂ ಅಲ್ಲಿ ಹೀಗೇ ತೀರ್ಮಾನವಾಗುತ್ತಿದ್ದವು. ನೆಟ್‌ವರ್ಕಿನ ಪ್ರಶ್ನೆ ಬಂದದ್ದು ಅದೇ ಮೊದಲು. ಚಕ್ರಪಾಣಿ ಲ್ಯಾಪ್‌ಟಾಪಿನಲ್ಲಿ ಓಟಿಪಿಗೆ ಒತ್ತಿ ಕಣ್ಣು ಮುಚ್ಚಿದ. ಒಳಗೆ ಫೋನು ಸದ್ದು ಮಾಡಿತು. ಹೂ ಅಲುಗಲಿಲ್ಲ. ಹಿಂದೆ ತೀರ್ಥಕ್ಕೆ ನಿಂತಿದ್ದ ಸತ್ಯವತಮ್ಮ ಎಂಬ ಹಿರಿಯ ಹೆಂಗಸು ಹನುಮಾನ್ ಸ್ತೋತ್ರ ಶುರುಮಾಡಿದರು. ಸ್ತೋತ್ರ ಮುಗಿಯಿತು, ಓಟಿಪಿಯ ಅವಧಿ ಮುಗಿಯಿತು, ಆಗ ಹೂ ಬಿತ್ತು. ಎಡಕ್ಕೆ.

"ಏನಂತ ಕೇಳ್ಕೊಂಡ್ರಿ?" ಎಂದರು ಮಧ್ವೇಶ್.

ಚಕ್ರಪಾಣಿ ಲ್ಯಾಪ್‌ಟಾಪಿನ ಮೇಲಿನ ಧೂಳು ಒರೆಸಿದ. ಅವನು ಕೆಂಗೇರಿಗೆ ನೆಟ್ ಕೇಳಿರಲಿಲ್ಲ. ಸಿಕ್ಕಿದ್ದೇ ಸಮಯವೆಂದು ಎಲ್ಲ ಶಾಲೆಗಳ ಮೇಲೂ ಎಲ್ಲ ಅಧಿಕಾರವನ್ನೂ ತನಗೊಬ್ಬನಿಗೇ, ಶಾಶ್ವತವಾಗಿ, ದಯಪಾಲಿಸಬೇಕೆಂದು ಕೇಳಿದ್ದ.

"ಅದಕ್ಕೇ ಎಡಕ್ಕೆ ಬಿದ್ದಿರೋದು," ಎಂದರು ಸತ್ಯವತಮ್ಮ, ಅವನ ಮುಖ ನೋಡಿಯೇ. "ಎಷ್ಟು ಬೇಕೋ ಅಷ್ಟು ಕೇಳಿ. ಬೇಗ ಕೇಳಿ, ನನಗೆ ತೀರ್ಥ ಆಗ್ಬೇಕು."

ಈ ಸಲ ಅವನು ಹೊಸ ಓಟಿಪಿಗೆ ಒತ್ತಿ, ಕೆಂಗೇರಿಯ ಬೇಲಿ ತೆಗೆದರೆ ಸಾಕು, ಮಕ್ಕಳು ಪರೀಕ್ಷೆ ಬರೆದರೆ ಸಾಕು ಎಂದು ಬೇಡಿಕೊಂಡ. ಹೂ ಥಟ್ಟನೆ ಬಲಕ್ಕೆ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹೊರಗಿನವನ ಕಿವಿಗೆ ಓಟಿಪಿ ಹೇಳಲಾರೆ, ಬೇಕಾದರೆ ಸ್ವಾಮಿಯ ಫೋನಿನಲ್ಲೇ ನಾನು ಒಳಗಿಂದ ಒತ್ತುತ್ತೇನೆ ಎಂದರು ಮಧ್ವೇಶ್. ಚಕ್ರಪಾಣಿ ಹೊಸ್ತಿಲಾಚೆಯಿಂದ ಕೂಗಿ ಹೇಳತೊಡಗಿದ.

"ಎಡಗಡೆ ಮೇಲೆ ಮೂರು ಗೆರೆ ಇದೆಯಲ್ಲ, ಅದು ಒತ್ತಿ!"

"ಬೆರಳಲ್ಲಿ ಕುಂಕುಮ ಇದೆ ಸಾರ್, ಒತ್ತಿಸ್ಕೊಳ್ತಿಲ್ಲ!"

"ಪಂಚೆಗೆ ಒರೆಸ್ಕೊಳ್ಳಿ! ಕೆಂಗೇರಿ ಅಂತ ಕಾಣ್ತಾ? ಬೇಲಿ ತೆಗೀರಿ!"

"ತೆಗೆದೆ. ಈಗ 'ಯಾರಿಗೆ ಕೊಡಲಿ' ಅಂತ ಕೇಳ್ತಿದೆ."

"ನನ್ನ ಹೆಸರು ಹಾಕಿ."

ಮಧ್ವೇಶ್ ಒತ್ತುತ್ತಿದ್ದ ಬೆರಳನ್ನು ತಡೆದರು. "ನಿಯಮ ಮೂರು ಪ್ರಕಾರ ನಿಮಗೆ ನೋಡೋದು ಮಾತ್ರ ಅಲ್ವಾ ಸಾರ್? ನಮ್ಮೆಲ್ಲರ ಹತ್ರಾನೂ ಸಹಿ ಹಾಕಿಸ್ಕೊಂಡಿದ್ರಿ. ನಾನು ಖಾಯಂ. ನನ್ನ ಹೆಸರೇ ಹಾಕ್ತೀನಿ ಬಿಡಿ."

ನಿಯಮ ಸ್ಪಷ್ಟವಾಗಿತ್ತು. ಚಕ್ರಪಾಣಿಯ ಭಾಷೆ ಯಾವಾಗಲೂ ಸ್ಪಷ್ಟ. ಅವನು ಮುಂದಿನದನ್ನು ಕೂಗಿದ, ಮಧ್ವೇಶ್ ಒತ್ತಿದರು, ಮಂಗಳಾರತಿಯ ಗಂಟೆ ಬಾರಿಸುತ್ತಿದ್ದಂತೆ ಕೆಂಗೇರಿ ಹಸಿರಾಯಿತು. ಸತ್ಯವತಮ್ಮ ತೀರ್ಥ ತಗೊಂಡು "ನಮ್ಮನೆ ವೈಫೈ ಮಹಡಿ ಮೇಲೆ ಬರಲ್ಲ, ಅದಕ್ಕೂ ಒಂದು ಹೂ ಕೇಳಿ" ಎಂದರು.

ಶುಕ್ರವಾರ ಮಕ್ಕಳು ಪರೀಕ್ಷೆ ಬರೆದರು. "ಸೂಪರ್ ಸಾರ್, ಒಂದು ಸಲಾನೂ ಕಟ್ ಆಗ್ಲಿಲ್ಲ," ಎಂದಳು ಸ್ಪಂದನ. "ವೈಫೈ ಪೇಜಲ್ಲಿ ಈಗ ಆಂಜನೇಯನ ಫೋಟೋ ಬರ್ತಿದೆ. ಮಕ್ಕಳು ನಮಸ್ಕಾರ ಮಾಡಿ ಲಾಗಿನ್ ಆದ್ರು." ಚಕ್ರಪಾಣಿಗೆ ಬಹಳ ಸಂತೋಷವಾಯಿತು. ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಭೆಗೆ ಹೋದ.

ಸಭೆಯಲ್ಲಿ ಮೊದಲು ಮಧ್ವೇಶರಿಗೆ ಶಾಲು ಹೊದಿಸಿ, ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರ ಹೊಣೆಯನ್ನು ವಹಿಸಲಾಯಿತು. ಆಮೇಲೆ ಚಕ್ರಪಾಣಿಯ ಫೈಲು ನಿಜವಾಗಿಯೂ ಬಂತು. ವೆಂಕಟಗಿರಿ ಕನ್ನಡಕ ಏರಿಸಿ ಹಸಿರು ಶಾಯಿಯ ಟಿಪ್ಪಣಿ ಓದಿದರು: "ನೆಟ್‌ವರ್ಕ್ ಹುದ್ದೆಗೆ ಖಾಯಂ ಆಗಲು ಅಭ್ಯರ್ಥಿಗೆ ನೆಟ್‌ವರ್ಕ್ ಮೇಲೆ ಅನುಮತಿ ಇರಬೇಕಾದದ್ದು ಸಹಜ. ಸದರಿಯವರಿಗೆ ಅನುಮತಿಯಿಲ್ಲ. ಏಕೆಂದರೆ ಸದರಿಯವರು ಖಾಯಂ ಅಲ್ಲ. ಈ ತರ್ಕದಲ್ಲಿ ದೋಷ ಕಂಡುಬರುವುದಿಲ್ಲ."

ಚಕ್ರಪಾಣಿಗೂ ಕಂಡುಬರಲಿಲ್ಲ. ಕಣ್ಣು ಮಾತ್ರ ಮಂಜಾಯಿತು.

"ಪಾಪ, ಇಷ್ಟು ವರ್ಷ ದುಡ್ದವ್ನೆ, ಬರಿಗೈಲಿ ಕಳಿಸ್ಬಾರ್ದು," ಎಂದರು ಮುನಿರಾಜು. "ಆಚಾರ್ರಿಗೆ ಈಗ ನೆಟ್ ಕೆಲಸ ಜಾಸ್ತಿ. ಗುಡೀಲಿ ಗಂಟೆ ಬಾರ್ಸಕ್ಕೆ, ಪ್ರಸಾದ ಹಂಚಕ್ಕೆ ಒಬ್ರು ಪರಿಚಾರಕರು ಬೇಕು. ಅದು ಖಾಯಂ ಪೋಸ್ಟು. ಏನಂತೀರಿ?"

ವೆಂಕಟಗಿರಿ ಬೈಲಾ ತಿರುವಿ ಅಡ್ಡಿಯಿಲ್ಲ ಎಂದರು. ಅಧ್ಯಕ್ಷರೂ ಕಾರ್ಯದರ್ಶಿಯೂ ಒಂದು ವಿಷಯಕ್ಕೆ ಒಟ್ಟಿಗೆ ಒಪ್ಪಿದ್ದು ಸಂಘದ ಇತಿಹಾಸದಲ್ಲಿ ಅಪರೂಪವಾದ್ದರಿಂದ ಚಪ್ಪಾಳೆ ಬಿತ್ತು. ಚಕ್ರಪಾಣಿಯೂ ತಟ್ಟಿದ.

ಮನೆಗೆ ಬಂದು "ಖಾಯಂ ಆಯ್ತು ಕಣೇ" ಎಂದ. ರಾಗಿಣಿ ದೇವರ ಮುಂದೆ ದೀಪ ಹಚ್ಚಿದಳು. ಯಾವ ಹುದ್ದೆ ಎಂದು ಅವಳು ಕೇಳಲಿಲ್ಲ. ಕೇಳಬೇಕಾದ ಅಗತ್ಯವಿದೆಯೆಂದು ಅವಳಿಗೆ ಹೇಗೆ ಹೊಳೆಯಬೇಕು?

ಈಗ ಎಲ್ಲವೂ ಸುಸೂತ್ರ. ಯಾವ ಶಾಲೆಯಲ್ಲಿ ನೆಟ್ ಹೋದರೂ ಹೆಡ್‌ಮಾಸ್ತರರು ಹೂ, ಹಣ್ಣು, ಕಾಯಿಯೊಂದಿಗೆ ಅರ್ಜಿ ತರುತ್ತಾರೆ. ಚಕ್ರಪಾಣಿ ಪಂಚೆಯುಟ್ಟು ಗಂಟೆ ಬಾರಿಸುತ್ತಾ ಹೊಸ್ತಿಲಿನಿಂದ "ಮೂರು ಗೆರೆ ಒತ್ತಿ ಆಚಾರ್ರೇ" ಎಂದು ಕೂಗುತ್ತಾನೆ. ಕೆಲಸ ಹಿಂದಿನದೇ, ಗಂಟೆಯಷ್ಟೇ ಹೆಚ್ಚುವರಿ. ಖಾಯಂ ಆದಮೇಲೆ ಅನುಮತಿ ಕೊಡಬಹುದೇ ಎಂದು ಪರಿಶೀಲಿಸಲಾಯಿತು. ಆದರೆ ಸೇವಾ ಹಿರಿತನದಲ್ಲಿ ಪರಿಚಾರಕ ಎಲ್ಲರಿಗಿಂತ ಕೆಳಗಿದ್ದುದರಿಂದ ನೋಡುವ ಅನುಮತಿಯನ್ನೇ ಮುಂದುವರಿಸಲಾಯಿತು. ನಿಯಮಾವಳಿ ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಕಂಡ ಮಂಡಳಿ, ಅದನ್ನು ಸಂಘದ ಉಳಿದೆಲ್ಲ ವಿಭಾಗಗಳಿಗೂ ವಿಸ್ತರಿಸಿತು.

ಹನುಮ ಜಯಂತಿಯ ದಿನ ಸಂಘದಲ್ಲಿ ಊಟ. ಚಕ್ರಪಾಣಿ ಎರಡನೇ ಪಂಕ್ತಿಯಲ್ಲಿ ಕೂತಿದ್ದ. ಹೋಳಿಗೆಯ ಬುಟ್ಟಿ ಹಿಡಿದವನು ಹತ್ತಿರ ಬಂದ. ಈ ಸಲ ಚಕ್ರಪಾಣಿ ಬುದ್ಧಿ ಕಲಿತಿದ್ದ. ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ, ಬೇಡವೆನ್ನಲಿಲ್ಲ, ಯಾರ ಬಲವಂತಕ್ಕೂ ಕಾಯಲಿಲ್ಲ.

"ಎರಡು ಹಾಕಪ್ಪಾ," ಎಂದ.

"ಸಾರಿ ಸಾರ್," ಎಂದ ಬಡಿಸುವವನು, ಬುಟ್ಟಿಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು. "ನನ್ನ ವ್ಯಾಪ್ತಿ ಮೊದಲನೇ ಪಂಕ್ತಿ ಮಾತ್ರ. ಈ ಪಂಕ್ತಿಗೆ ಬಡಿಸೋರಿಗೆ ಅನ್ನ, ಸಾರಿನ ಅನುಮತಿ ಇದೆ."

ಚಕ್ರಪಾಣಿ ತಲೆಯಾಡಿಸಿದ. ನಿಯಮದಲ್ಲಿ ದೋಷವಿರಲಿಲ್ಲ. ಬುಟ್ಟಿ ದಾಟಿ ಹೋಗುವಾಗ ತುಪ್ಪದ ಘಮ ಬಂತು. ಅವನು ಎಲೆಯ ಮುಂದೆ ನೆಟ್ಟಗೆ ಕೂತು, ತನಗಿದ್ದ ಅನುಮತಿಯ ಪ್ರಕಾರ, ಹೋಳಿಗೆಯನ್ನು ನೋಡಿದ.